ಲಿಕ್ವಿಡ್ ಕೂಲರ್ ತೆಗೆದು ಗಾಳಿಯ ಕೂಲರ್ ಹಾಕಿಸುವುದು ಸರಿಯೇ? (ರೈಜೆನ್ 9 5950ಎಕ್ಸ್)

ಮದುವೆ ಎಡಿಟರ್, ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಉಣಕಲ್ ಕಡೆ ಮೇಲ್ಮಹಡಿಯ ಒಂದು ಕೋಣೆಯಲ್ಲಿ ನನ್ನ ಮದುವೆ ವಿಡಿಯೊಗಳ ಎಡಿಟಿಂಗ್ ಕೆಲಸ ನಡೆಯುತ್ತದೆ. ಯಂತ್ರದಲ್ಲಿ ಹದಿನಾರು ಕೋರ್‌ಗಳ ರೈಜೆನ್ 9 5950ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್ ಮತ್ತು ಕ್ಯಾಬಿನೆಟ್ಟಿನ ಮೇಲ್ಭಾಗಕ್ಕೆ ಕೂರಿಸಿದ 360 ಮಿ.ಮೀ. ರೇಡಿಯೇಟರ್‌ನ ಲಿಕ್ವಿಡ್ ಕೂಲರ್ ಇವೆ. ಕೂಲರ್‌ಗೆ ಈಗ ಐದನೆಯ ವರ್ಷ.

ಹಂಗಾಮಿನಲ್ಲಿ ನಾಲ್ಕಾರು ಸಲ ಇದೇ ಕ್ಯಾಬಿನೆಟ್ಟನ್ನು ಕಾರಿನಲ್ಲಿ ಮಲಗಿಸಿಕೊಂಡು ಗದಗಕ್ಕೋ ಹಾವೇರಿಗೋ ಹೋಗಿ, ಅಕ್ಷತೆ ಬಿದ್ದ ಎರಡು ತಾಸಿನೊಳಗೆ ವಿಡಿಯೊ ಕಟ್ಟಿ, ಊಟದ ಪಂಕ್ತಿ ನಡೆದಿರುವಾಗಲೇ ಪರದೆಯ ಮೇಲೆ ತೋರಿಸಬೇಕಾಗುತ್ತದೆ. ಹಾಗೆ ಒಯ್ದು ನಿಲ್ಲಿಸಿದಾಗ ಪಂಪಿನಿಂದ ಗುಳುಗುಳು ಸದ್ದು ಬಂದು ಐದು ನಿಮಿಷಕ್ಕೆ ನಿಲ್ಲುತ್ತಿತ್ತು. ಈಗ ಅದು ನಿಲ್ಲುವುದೇ ಇಲ್ಲ. ಎಕ್ಸ್‌ಪೋರ್ಟ್ ಹಚ್ಚಿದ ಸ್ವಲ್ಪ ಹೊತ್ತಿಗೆ ಉಷ್ಣತೆ 90 ಡಿಗ್ರಿ ಮುಟ್ಟಿ ವೇಗ ಕುಸಿಯುತ್ತದೆ. ಒಬ್ಬ ಅಂಗಡಿಯವರು ನೀರು ತುಂಬಿಸಿಕೊಡುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ಹೊಸ ಲಿಕ್ವಿಡ್ ಕೂಲರನ್ನೇ ಕೊಳ್ಳಿರಿ ಎನ್ನುತ್ತಾರೆ. ನನ್ನ ಮನಸ್ಸು ಗಾಳಿಯ ಕೂಲರ್ ಕಡೆಗಿದೆ. ಹದಿನಾರು ಕೋರ್‌ಗಳನ್ನು ಅದು ತಡೆದೀತೇ? ಏಪ್ರಿಲ್ ತಿಂಗಳಲ್ಲಿ ನನ್ನ ಕೋಣೆಯೊಳಗೇ 35 ಡಿಗ್ರಿ ದಾಟುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಂಡು ತಿಳಿದವರು ಹೇಳಬೇಕು.

(ಅಂದಹಾಗೆ, ಪೇಟೆಯಲ್ಲಿ “ಏರ್ ಕೂಲರ್ ಇದೆಯೇ” ಎಂದು ಕೇಳಬೇಡಿರಿ. ಹುಲ್ಲಿನ ಜಾಳಿಗೆಗೆ ನೀರು ಸುರಿಯುವ ಕೂಲರ್ ತೋರಿಸುತ್ತಾರೆ.)

ರೆಂಡರ್ ಕೆಲಸದವ, ಧಾರವಾಡ:

ನಮಸ್ಕಾರ ಎಡಿಟರ್ ಸಾಹೇಬರೇ. ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿರಿ. ಎಕ್ಸ್‌ಪೋರ್ಟ್ ನಡೆದಿರುವಾಗ ಎರಡೂ ರಬ್ಬರ್ ಕೊಳವೆಗಳನ್ನು ಬೆರಳಿನಿಂದ ಮುಟ್ಟಿ ನೋಡಿರಿ. ನೀರು ಸರಿಯಾಗಿ ಹರಿಯುತ್ತಿದ್ದರೆ ಎರಡರ ಬಿಸಿಯೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಒಂದು ಕೊಳವೆ ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ, ಮೇಲಿನಿಂದ ಬರುವ ಗಾಳಿಯೂ ತಣ್ಣಗೇ ಇದ್ದರೆ, ಹರಿವು ಸೋತಿದೆ ಎಂದು ತಿಳಿಯಬಹುದು. ರಬ್ಬರಿನ ಮೂಲಕ ವರ್ಷಗಟ್ಟಲೆ ಹನಿಹನಿಯಾಗಿ ನೀರಿನ ಅಂಶ ಆವಿಯಾಗಿ ಹೋಗುತ್ತದೆ, ಆ ಜಾಗದಲ್ಲಿ ಗಾಳಿ ಸೇರುತ್ತದೆ; ನಿಮಗೆ ಕೇಳಿಸುವ ಗುಳುಗುಳು ಅದರದ್ದೇ. ಪ್ರೊಸೆಸರ್ ಮೇಲೆ ಕೂರುವ ತಾಮ್ರದ ತಟ್ಟೆಯ ಒಳಮೈಯಲ್ಲಿ ಕೂದಲೆಳೆಯಂಥ ಸಂದುಗಳಿರುತ್ತವೆ, ಅಲ್ಲಿ ಗಸಿ ಕಟ್ಟಿಕೊಂಡಿದ್ದರೆ ಮೇಲಿನಿಂದ ನೀರು ತುಂಬಿಸಿ ಏನೂ ಪ್ರಯೋಜನವಿಲ್ಲ. ಮುಚ್ಚಿ ಬೆಸೆದ ಕೂಲರನ್ನು ಬಿಚ್ಚಿ ತುಂಬಿಸುವ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. 5950ಎಕ್ಸ್‌ನ ಡಬ್ಬಿಯ ಮೇಲೆ 105 ವ್ಯಾಟ್ ಎಂದಿದ್ದರೂ ಅದು ಮದರ್‌ಬೋರ್ಡಿನ ಸಾಕೆಟ್ಟಿನಿಂದ ಎಳೆಯಬಹುದಾದ ಮಿತಿ 142 ವ್ಯಾಟ್. ಎರಡು ಗೋಪುರಗಳ ದೊಡ್ಡ ಗಾಳಿಯ ಕೂಲರ್‌ಗೆ ಇದು ಭಾರವಲ್ಲ. 230 ವ್ಯಾಟ್ ಎಳೆಯುವ 7950ಎಕ್ಸ್ ನಿಮ್ಮಲ್ಲಿದ್ದಿದ್ದರೆ ನಾನು ಇಷ್ಟು ಧೈರ್ಯದಿಂದ ಹೇಳುತ್ತಿರಲಿಲ್ಲ. ಆದರೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಪಿಬಿಒ, ಅಂದರೆ ವೇಗಕ್ಕಾಗಿ ವಿದ್ಯುತ್ ಮಿತಿಯನ್ನು ಸಡಿಲಿಸುವ ಸೌಲಭ್ಯವನ್ನು ಯಾರಾದರೂ ಚಾಲೂ ಮಾಡಿಟ್ಟಿದ್ದಾರೆಯೇ ನೋಡಿರಿ. ಅದು ಚಾಲೂ ಇದ್ದರೆ 142ರ ಮಿತಿ ಲೆಕ್ಕಕ್ಕೇ ಬರುವುದಿಲ್ಲ. ಕಡುಬೇಸಿಗೆಯ ದಿನಗಳಿಗೆ 65 ವ್ಯಾಟ್‌ನ ಇಕೊ ಮೋಡ್ ಇದೆ, ಅದರಲ್ಲಿ ಮಿತಿ 88 ವ್ಯಾಟ್‌ಗೆ ಇಳಿಯುತ್ತದೆ, ಎಕ್ಸ್‌ಪೋರ್ಟ್ ಒಂದಿಷ್ಟು ನಿಧಾನವಾಗುತ್ತದೆ.

ಕೋಣೆಯ 35 ಡಿಗ್ರಿಯನ್ನು ಯಾವ ಕೂಲರೂ ಕಳೆಯಲಾರದು, ಎರಡೂ ಬಗೆಯವು ಅದರ ಮೇಲಿನಿಂದಲೇ ಲೆಕ್ಕ ಆರಂಭಿಸುತ್ತವೆ. ಲಿಕ್ವಿಡ್ ಕೂಲರ್ ಮೊದಲ ಹತ್ತಿಪ್ಪತ್ತು ನಿಮಿಷ ಬಹಳ ಚೆನ್ನಾಗಿ ಕಾಣುವುದಕ್ಕೆ ಅದರಲ್ಲಿರುವ ನೀರು ಕಾಯಲು ಹೊತ್ತು ಹಿಡಿಯುವುದೇ ಮುಖ್ಯ ಕಾರಣ; ಒಂದು ತಾಸಿನ ಎಕ್ಸ್‌ಪೋರ್ಟ್‌ನಲ್ಲಿ ಆ ಅಂತರ ಕಿರಿದಾಗುತ್ತದೆ. ಗಾಳಿಯ ಕೂಲರ್ ಎಂದು ಹೆಸರಿದ್ದರೂ ಅದರ ಹೀಟ್ ಪೈಪ್‌ಗಳೊಳಗೆ ಕೂಡ ಚೂರು ನೀರೇ ಇರುತ್ತದೆ. ಅದು ಬುಡದಲ್ಲಿ ಆವಿಯಾಗಿ, ರೆಕ್ಕೆಗಳ ಬಳಿ ತಣಿದು, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಮರಳಿ ಬರುತ್ತದೆ. ಆ ಕೆಲಸಕ್ಕೆ ಪಂಪ್ ಬೇಕಿಲ್ಲ, ಕೆಡುವುದಾದರೆ ಫ್ಯಾನ್ ಮಾತ್ರ.

ರಿಪೇರಿಯವ, ಗದಗ:

ಮೇಲಿನವರ ಮಾತು ಸರಿಯಿದೆ, ಆದರೆ ನೀವು ಕ್ಯಾಬಿನೆಟ್ ಹೊತ್ತು ತಿರುಗುವವರು ಎಂಬುದನ್ನು ಅವರು ಮರೆತಂತಿದೆ. ನಾಕ್ಟುವಾ ಎನ್‌ಎಚ್-ಡಿ15 ಎಂಬ ಎರಡು ಗೋಪುರಗಳ ಕೂಲರ್ ಎರಡೂ ಫ್ಯಾನ್ ಸೇರಿ 1,320 ಗ್ರಾಂ ತೂಗುತ್ತದೆ. ನಿಂತ ಕ್ಯಾಬಿನೆಟ್ಟಿನಲ್ಲಿ ಅಷ್ಟು ಭಾರ ಬೋರ್ಡಿನಿಂದ ಅಡ್ಡಲಾಗಿ ಜೋತುಬಿದ್ದಿರುತ್ತದೆ. ಮೇಜಿನ ಮೇಲೆ ಚಿಂತೆಯಿಲ್ಲ, ಅಣ್ಣಿಗೇರಿ ದಾರಿಯ ಕುಲುಕಾಟಕ್ಕೆ ಅದು ಒಳ್ಳೆಯದಲ್ಲ. ಬೋರ್ಡ್ ಕೆಳಗಾಗಿ, ಕೂಲರ್ ನೆಟ್ಟಗೆ ಮೇಲಕ್ಕೆ ನಿಲ್ಲುವಂತೆ ಮಲಗಿಸಿ ಒಯ್ಯುವ ನಿಮ್ಮ ರೂಢಿಯನ್ನು ಬಿಡಬೇಡಿರಿ. ಎತ್ತರ 165 ಮಿ.ಮೀ.; ಕ್ಯಾಬಿನೆಟ್ಟಿನೊಳಗೆ ಬೋರ್ಡಿನಿಂದ ಪಕ್ಕದ ಗಾಜಿನವರೆಗೆ ಅಷ್ಟು ಜಾಗವಿದೆಯೇ ಅಳೆಯಿರಿ. ರ್‍ಯಾಮ್ ಎತ್ತರವಾಗಿದ್ದರೆ ಮುಂದಿನ ಫ್ಯಾನ್ ಮೇಲೇರಿ ಇನ್ನೂ ಜಾಗ ಬೇಡುತ್ತದೆ. ಥರ್ಮಲ್‌ರೈಟ್ ಪೀರ್‌ಲೆಸ್ ಅಸ್ಯಾಸಿನ್ 120 ಎಸ್‌ಇ 155 ಮಿ.ಮೀ. ಮಾತ್ರ ಇದೆ, ಹಗುರವೂ ಅಗ್ಗವೂ ಹೌದು. ನಿಮ್ಮ ಕೆಲಸಕ್ಕೆ ನಾನು ಅದನ್ನೇ ಹೇಳುತ್ತೇನೆ.

ಹಳೆಯದನ್ನು ಬಿಚ್ಚುವಾಗ ಮಾತ್ರ ಅವಸರ ಬೇಡ. ನಿಮ್ಮದರಂಥ ಎಎಂ4 ಸಾಕೆಟ್ಟಿನ ಪ್ರೊಸೆಸರ್‌ಗೆ ಅಡಿಯಲ್ಲಿ ಪಿನ್‌ಗಳಿರುತ್ತವೆ, ಸಾಕೆಟ್ಟಿನ ಸರಳು ಪ್ರೊಸೆಸರನ್ನು ಮೇಲಿನಿಂದ ಅದುಮಿ ಹಿಡಿದಿರುವುದಿಲ್ಲ. ಪ್ರೊಸೆಸರ್‌ಗೂ ತಟ್ಟೆಗೂ ನಡುವೆ ಹಚ್ಚಿದ ಪೇಸ್ಟ್ ಐದು ವರ್ಷಕ್ಕೆ ಒಣಗಿ ಅಂಟಿನಂತಾಗಿರುತ್ತದೆ. ತಣ್ಣಗಿರುವಾಗ ನೆಟ್ಟಗೆ ಎಳೆದರೆ ಸರಳು ಹಾಕಿದ್ದರೂ ಪ್ರೊಸೆಸರ್ ಕಿತ್ತುಕೊಂಡು ತಟ್ಟೆಗೆ ಅಂಟಿಯೇ ಬರುತ್ತದೆ. ಹಾಗೆ ಬಂದು ಪಿನ್ ಬಾಗಿದವುಗಳನ್ನು ನಾನು ಬ್ಲೇಡಿನ ತುದಿಯಿಂದ ನೆಟ್ಟಗೆ ಮಾಡುತ್ತ ಕುಳಿತ ದಿನಗಳುಂಟು. ಹದಿನೈದು ನಿಮಿಷ ಯಂತ್ರಕ್ಕೆ ಕೆಲಸ ಕೊಟ್ಟು ಕಾಯಿಸಿ, ಬಂದ್ ಮಾಡಿ, ವಾಯರ್ ಕಿತ್ತು, ಸ್ಕ್ರೂಗಳನ್ನು ಕರ್ಣರೇಖೆಯಲ್ಲಿ ಸ್ವಲ್ಪಸ್ವಲ್ಪವೇ ಸಡಿಲಿಸಿ, ತಟ್ಟೆಯನ್ನು ಎಡಕ್ಕೂ ಬಲಕ್ಕೂ ತಿರುವಿ ಬಿಡಿಸಿಕೊಳ್ಳಿರಿ. ಬೋರ್ಡಿನ ಹಿಂದಿನ ಮೂಲ ಬ್ಯಾಕ್‌ಪ್ಲೇಟ್ ಮನೆಯಲ್ಲಿದೆಯೇ ಮೊದಲೇ ಹುಡುಕಿರಿ, ಬಹಳಷ್ಟು ಗಾಳಿಯ ಕೂಲರ್‌ಗಳಿಗೆ ಅದೇ ಬೇಕಾಗುತ್ತದೆ.

ಮೆಣಸಿನಕಾಯಿ ಪೇಟೆಯವ, ಬ್ಯಾಡಗಿ:

ಒಂದು ತಕರಾರು. ಎಲ್ಲರೂ ಪ್ರೊಸೆಸರ್ ಬಗ್ಗೆಯೇ ಹೇಳಿದ್ದೀರಿ. ಅವರ 3070 ಕಾರ್ಡ್ 220 ವ್ಯಾಟ್‌ನದು, ಪೂರ್ತಿ ಕೆಲಸದಲ್ಲಿ ಪ್ರೊಸೆಸರ್‌ಗಿಂತ ಹೆಚ್ಚು ಬಿಸಿಯನ್ನು ಅದು ಕ್ಯಾಬಿನೆಟ್ಟಿನೊಳಗೇ ಬಿಡುತ್ತದೆ. ಗಾಳಿಯ ಕೂಲರ್ ಕುಡಿಯುವುದು ಅದೇ ಬಿಸಿ ಗಾಳಿಯನ್ನು. ಮುಂದಿನಿಂದ ತಂಪು ಗಾಳಿ ಒಳಬರಲು ಫ್ಯಾನ್‌ಗಳಿಲ್ಲದಿದ್ದರೆ ಎಂಥ ದುಬಾರಿ ಕೂಲರ್ ಹಾಕಿದರೂ ನಿರಾಶೆಯೇ. ದೂಳಿನ ಮಾತನ್ನೂ ಹೇಳಿಬಿಡುತ್ತೇನೆ: ನಮ್ಮ ಪೇಟೆಯಲ್ಲಿ ಹಂಗಾಮು ಬಂತೆಂದರೆ ಮೆಣಸಿನಕಾಯಿಯ ಕೆಂಪು ಪುಡಿ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತದೆ. ಬ್ಲೋವರ್ ಹಿಡಿದವರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದಿದ್ದರೆ ಆ ದಿನ ಬೇರೆ ಕೆಲಸವಿಲ್ಲ. ಒಂದು ಅನುಕೂಲವೆಂದರೆ, ಗಾಳಿಯ ಕೂಲರ್‌ನ ಫ್ಯಾನನ್ನು ತಂತಿಯ ಕ್ಲಿಪ್ ಬಿಚ್ಚಿ ತೆಗೆಯಬಹುದು, ಮೇಲ್ಛಾವಣಿಗೆ ಬಿಗಿದ ರೇಡಿಯೇಟರನ್ನು ಇಳಿಸುವಷ್ಟು ಕಷ್ಟವಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನ್ ಗಿರಗಿರ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು ಅಷ್ಟೇ.

ಮದುವೆ ಎಡಿಟರ್, ಹುಬ್ಬಳ್ಳಿ:

ಎಲ್ಲರಿಗೂ ಧನ್ಯವಾದ. ಕೊಳವೆಗಳನ್ನು ಮುಟ್ಟಿದೆ: ಒಂದು ಚಹಾದ ಗ್ಲಾಸಿನಷ್ಟು ಬಿಸಿ, ಇನ್ನೊಂದು ತಣ್ಣಗೆ. ಪಿಬಿಒ ಕೂಡ ಚಾಲೂ ಇತ್ತು, ಯಾರು ಯಾವಾಗ ಮಾಡಿದರೋ ತಿಳಿಯದು. ಗದಗದವರು ಹೇಳಿದ 155 ಮಿ.ಮೀ. ಕೂಲರನ್ನೇ ತರಿಸಿದೆ. ಬ್ಯಾಕ್‌ಪ್ಲೇಟ್ ಬೋರ್ಡಿನ ಡಬ್ಬಿಯ ಅಡಿಯಲ್ಲಿ ಸಿಕ್ಕಿತು. ಕಾಯಿಸಿ ತಿರುವಿದ ಮೇಲೆ ಮೂರನೆಯ ತಿರುವಿಗೆ ತಟ್ಟೆ ಬಿಟ್ಟುಕೊಂಡಿತು, ಪ್ರೊಸೆಸರ್ ಇದ್ದಲ್ಲೇ ಉಳಿಯಿತು.

ಮೊದಲ ಸಲ ಚಾಲೂ ಮಾಡಿದಾಗ ಫ್ಯಾನ್‌ಗಳ ಅಬ್ಬರ ಕೇಳಿ ಗಾಬರಿಯಾಯಿತು. ಹಳೆಯ ಪಂಪಿನ ಪಿನ್‌ಗೇ ಫ್ಯಾನ್ ವಾಯರ್ ಚುಚ್ಚಿದ್ದೆ. ಆ ಪಿನ್ ಸದಾ ಪೂರ್ಣ ವೇಗದಲ್ಲಿ ಓಡಿಸುತ್ತದೆ. ಸಿಪಿಯು ಫ್ಯಾನ್ ಪಿನ್‌ಗೆ ಬದಲಿಸಿದ ಮೇಲೆ ಸುಮ್ಮನಾಯಿತು. ನಿನ್ನೆ ಮಧ್ಯಾಹ್ನ ಕೋಣೆ 34 ಡಿಗ್ರಿ ಇದ್ದಾಗ, ಪಿಬಿಒ ಬಂದ್ ಮಾಡಿ, ಒಂದು ತಾಸು ಎಕ್ಸ್‌ಪೋರ್ಟ್ ನಡೆಸಿದೆ. 80ರ ಆಸುಪಾಸಿನಲ್ಲೇ ನಿಂತಿತು, ವೇಗ ಕುಸಿಯಲಿಲ್ಲ. ಒಂದೇ ಪ್ರಶ್ನೆ ಉಳಿದಿದೆ: ಹಳೆಯ ರೇಡಿಯೇಟರ್‌ನ ಮೂರು ಫ್ಯಾನ್‌ಗಳನ್ನು ಬ್ಯಾಡಗಿಯವರು ಹೇಳಿದಂತೆ ಮುಂಭಾಗಕ್ಕೆ ಹಾಕಬಹುದೇ?

ರಿಪೇರಿಯವ, ಗದಗ:

ಧಾರಾಳವಾಗಿ ಹಾಕಿರಿ, ಅವು 120 ಮಿ.ಮೀ. ಫ್ಯಾನ್‌ಗಳೇ. ವಾಯರ್‌ನ ತುದಿ ಸಾಮಾನ್ಯ ನಾಲ್ಕು ಪಿನ್‌ನದೋ ಕಂಪನಿಯ ಬೇರೆ ಮಾದರಿಯದೋ ಎಂದು ಮೊದಲು ನೋಡಿಕೊಳ್ಳಿರಿ. ರೇಡಿಯೇಟರನ್ನು ಬಿಚ್ಚಿ ಮೋರಿಗೆ ಸುರಿಯಬೇಡಿರಿ, ಅದರಲ್ಲಿರುವುದು ಬರೀ ನೀರಲ್ಲ. ಮುಚ್ಚಿದ್ದು ಮುಚ್ಚಿದಂತೆಯೇ ಇ-ತ್ಯಾಜ್ಯಕ್ಕೆ ಕೊಡಿರಿ.