ಬಾವಿ ಪಂಪ್ ತಿರುಗುತ್ತದೆ, ನೀರು ಬರುತ್ತಿಲ್ಲ. ಮೋಟಾರ್ ಬದಲಿಸಲೇಬೇಕಾ?

ಆಲ್ದೂರು_ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಮಗಳೂರಿನ ಆಲ್ದೂರು ಕಡೆ. ತೆರೆದ ಬಾವಿ, ಕಟ್ಟೆ ಪಕ್ಕದಲ್ಲೇ ಅರ್ಧ ಎಚ್‌ಪಿ ಮೊನೊಬ್ಲಾಕ್ ಪಂಪ್, ಒಂದು ಇಂಚಿನ ಪಿವಿಸಿ ಪೈಪು. ಆರು ವರ್ಷ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಈಗ ಹತ್ತು ದಿನದಿಂದ ಸ್ವಿಚ್ ಹಾಕಿದರೆ ಮೋಟಾರ್ ಚೆನ್ನಾಗಿಯೇ ತಿರುಗುತ್ತದೆ, ಟ್ಯಾಂಕಿಗೆ ಮಾತ್ರ ನೀರು ಹತ್ತುವುದಿಲ್ಲ. ಪಂಪಿನ ಮೇಲಿನ ಬಿರಡೆ ಬಿಚ್ಚಿ ನೀರು ತುಂಬಿಸಿ ಹಾಕಿದರೆ ಎರಡು ನಿಮಿಷ ಬರುತ್ತದೆ, ಆಮೇಲೆ ಬುಸ್ ಬುಸ್ ಅಂತ ಗಾಳಿ ಉಗುಳಿ ನಿಂತುಬಿಡುತ್ತದೆ. ಬೆಳಗ್ಗೆ ನೋಡಿದರೆ ಮತ್ತೆ ಖಾಲಿ. ನೋಡಲು ಬಂದವರು ಮೋಟಾರ್ ಹೋಗಿದೆ, ಹೊಸದು ಹಾಕಿಸಿ ಅಂದರು. ಅಮ್ಮನಿಗೆ 72 ವರ್ಷ, ಬೇಡ ಅಂದರೂ ಕೇಳದೆ ಕೊಡದಲ್ಲಿ ಸೇದುತ್ತಿದ್ದಾರೆ, ಅದನ್ನು ನೋಡಲು ಆಗುತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಬೇಲೂರು_ರಸ್ತೆ:
ಮೋಟಾರ್ ಶುರುವಾಗಲು ಬೇಕಾದ ಕೆಪಾಸಿಟರ್ ನೋಡಿಸಿದಿರಾ? ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್ ಶುರುವಾದ ಮೇಲೆ ನಮ್ಮ ಕಡೆ ವೋಲ್ಟೇಜ್ ತುಂಬಾ ಬೀಳುತ್ತದೆ. ಹೋದ ವರ್ಷ ನಮ್ಮದೂ ನಿಂತಿತ್ತು, ಕೆಪಾಸಿಟರ್ ಬದಲಿಸಿದ ಮೇಲೆ ಸರಿಹೋಯಿತು.

ಸಕಲೇಶಪುರ_ವೈಂಡಿಂಗ್:
ಕೆಪಾಸಿಟರ್ ಹೋದರೆ ಮೋಟಾರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಇವರದು ತಿರುಗುತ್ತಿದೆ, ನೀರು ತುಂಬಿಸಿದರೆ ಎತ್ತುತ್ತಲೂ ಇದೆ. ಹಾಗಾಗಿ ಸರ್, ಸದ್ಯಕ್ಕೆ ಹೊಸ ಮೋಟಾರಿಗೆ ದುಡ್ಡು ಹಾಕಬೇಡಿ. ನಿಮ್ಮ ಮಾತಿನಲ್ಲೇ ಎರಡು ತೊಂದರೆ ಕಾಣುತ್ತಿದೆ.

ರಾತ್ರಿ ಕಳೆಯುವುದರೊಳಗೆ ಪೈಪು ಖಾಲಿ ಆಗುತ್ತದೆ ಅಂದರೆ ಬಾವಿಯೊಳಗೆ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ. ಆದರೆ ಅದೊಂದೇ ಆಗಿದ್ದರೆ ತುಂಬಿಸಿದ ಮೇಲೆ ಪಂಪ್ ನಿಲ್ಲದೆ ಓಡಬೇಕಿತ್ತು ಅಲ್ವಾ? ನಡುವೆ ಗಾಳಿ ಉಗುಳುತ್ತದೆ ಅಂದರೆ ಬಾವಿ ಕಡೆಯ ಪೈಪಿನಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ನೀರಿನ ಮಟ್ಟ ತೀರಾ ಇಳಿದಿದೆ.

ಮೊದಲು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಪಂಪಿನಿಂದ ನೀರಿಗೆ ಎಷ್ಟು ಅಡಿ ಅಂತ ಅಳೆಯಿರಿ. ಕಟ್ಟೆ ಮೇಲಿನ ಪಂಪಿಗೆ ಒಂದು ಮಿತಿ ಇದೆ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ, ಅದು ಸಮುದ್ರ ಮಟ್ಟದಲ್ಲಿ ಲೆಕ್ಕಕ್ಕೆ 10.3 ಮೀಟರ್ ಎತ್ತುತ್ತದೆ, ನಮ್ಮ ಸಾವಿರ ಮೀಟರ್ ಎತ್ತರದ ಊರುಗಳಲ್ಲಿ 9 ಚಿಲ್ಲರೆ. ಪೈಪು, ಬೆಂಡು ಎಲ್ಲ ಕಳೆದರೆ 20 ಅಡಿಗಿಂತ ಜಾಸ್ತಿ ನಂಬುವ ಹಾಗಿಲ್ಲ. ಮಂಗಳೂರಿನಲ್ಲಿ ಎತ್ತಿದ ಪಂಪ್ ಇಲ್ಲಿ ಅಷ್ಟೇ ಆಳದಿಂದ ಎತ್ತುವುದಿಲ್ಲ, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

20ರ ಒಳಗಿದ್ದರೆ ಗಾಳಿ ಹುಡುಕಿ. ಮೇನ್ ಸ್ವಿಚ್ ತೆಗೆದು, ಬಾವಿ ಕಡೆಯ ಒಂದೊಂದೇ ಜಾಯಿಂಟಿಗೆ ದಪ್ಪಗೆ ಗ್ರೀಸ್ ಮೆತ್ತಿ, ನೀರು ತುಂಬಿಸಿ ಪಂಪ್ ಹಾಕಿ. ಎಲ್ಲಿಗೆ ಮೆತ್ತಿದಾಗ ನೀರು ನಿಲ್ಲದೆ ಬರುತ್ತದೋ ಅಲ್ಲೇ ತೂತು. ಪಂಪಿಗೆ ಸೇರುವ ಥ್ರೆಡ್ ಜಾಯಿಂಟನ್ನೇ ಮೊದಲು ನೋಡಿ. ಖಾಲಿ ಓಡಿದರೆ ಪಂಪ್ ಕಾಯುತ್ತದೆ, ಆ ಬಿಸಿಗೆ ಪಿವಿಸಿ ಥ್ರೆಡ್ ಮೆತ್ತಗಾಗಿ ಸಡಿಲ ಆಗುತ್ತದೆ. ಈಗಲೂ ನೀರು ನಿಂತ ತಕ್ಷಣ ಆಫ್ ಮಾಡಿ, ಖಾಲಿ ಓಡಿಸಲೇಬೇಡಿ.

ಆಲ್ದೂರು_ಮನೆ:
ಅಳೆದೆ, 17 ಅಡಿ. ಮಳೆಗಾಲದಲ್ಲಿ 7-8 ಅಡಿಯಲ್ಲೇ ನೀರು ಸಿಗುತ್ತದೆ. ಗ್ರೀಸ್ ಇವತ್ತು ಸಂಜೆ ಹಚ್ಚುತ್ತೇನೆ. ಒಂದು ಸಂಶಯ, ಜಾಯಿಂಟ್ ಸಡಿಲ ಆಗಿದ್ದರೆ ಮಳೆಗಾಲದಲ್ಲಿ ಹೇಗೆ ಓಡಿತು?

ಸಕಲೇಶಪುರ_ವೈಂಡಿಂಗ್:
ನೀರು ಆಳಕ್ಕೆ ಹೋದಷ್ಟೂ ಪೈಪಿನೊಳಗೆ ಎಳೆತ ಜಾಸ್ತಿ. 8 ಅಡಿಯಲ್ಲಿ ಸುಮ್ನೆ ಇದ್ದ ಸಣ್ಣ ಸಂದಿ 17 ಅಡಿಯಲ್ಲಿ ಗಾಳಿ ಕುಡಿಯಲು ಶುರು ಮಾಡುತ್ತದೆ. ಅದಕ್ಕೇ ಈ ತೊಂದರೆ ಫೆಬ್ರವರಿ, ಮಾರ್ಚ್‌ನಲ್ಲೇ ಜಾಸ್ತಿ ಬರುವುದು.

ಆಲ್ದೂರು_ಮನೆ:
ಸಿಕ್ಕಿತು! ನೀವು ಹೇಳಿದ ಜಾಗವೇ. ಗ್ರೀಸ್ ಮೆತ್ತಿದ ಕೂಡಲೇ ಐದು ನಿಮಿಷ ಬಿಡದೆ ಬಂತು. ಬಿಚ್ಚಿ ನೋಡಿದರೆ ಥ್ರೆಡ್ ಒಂದು ಕಡೆ ಸವೆದು ನುಣ್ಣಗಾಗಿತ್ತು, ಟೇಪು ಪುಡಿಪುಡಿ. ಹೊಸ ಜಾಯಿಂಟ್ ಹಾಕಿ ಟೆಫ್ಲಾನ್ ಟೇಪು ಸುತ್ತಿದೆವು. ಪೈಪು ಮೇಲೆತ್ತಿದಾಗ ಫುಟ್‌ವಾಲ್ವಿನ ಜಾಲರಿ ತುಂಬಾ ಸಿಲ್ವರ್ ಓಕ್ ಎಲೆ, ಒಳಗಿನ ರಬ್ಬರ್ ಮುಚ್ಚಳದ ಅಡಿ ಬೆಂಕಿಕಡ್ಡಿಗಿಂತ ಸಣ್ಣ ಒಂದು ತೊಟ್ಟು ಅಡ್ಡ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ತೊಳೆದು ಇಳಿಸಿದೆವು. 500 ಲೀಟರ್ ಟ್ಯಾಂಕ್ ಅರ್ಧ ಗಂಟೆಯೊಳಗೆ ತುಂಬಿತು, ಇವತ್ತು ಬೆಳಗ್ಗೆ ನೀರು ತುಂಬಿಸದೆಯೇ ಪಂಪ್ ಎತ್ತಿತು. ಅಮ್ಮ ಹಗ್ಗ ಸುತ್ತಿ ಅಟ್ಟಕ್ಕೆ ಹಾಕಿದರು. ನಿಮ್ಮ ಉಪಕಾರ ಮರೆಯುವುದಿಲ್ಲ ಸರ್.

ಸಕಲೇಶಪುರ_ವೈಂಡಿಂಗ್:
ಬಹಳ ಸಂತೋಷ. ಪಂಪ್ ಮತ್ತು ಮೋಟಾರ್ ಸೇರುವ ಕಡೆ ಕೆಳಗೆ ಒಂದು ವಾರ ಕೈ ಆಡಿಸಿ ನೋಡಿ, ಹನಿ ಬಿದ್ದರೆ ಅಲ್ಲಿ ನೀರು ಸೋರದಂತೆ ತಡೆಯುವ ಸೀಲ್ ಖಾಲಿ ಓಡಿದ ಬಿಸಿಗೆ ಸುಟ್ಟಿದೆ ಅಂತ, ಬದಲಿಸಿ. ಏಪ್ರಿಲ್‌ನಲ್ಲಿ ನೀರು 20 ಅಡಿ ದಾಟಿದರೆ ಮುಳುಗುವ ಪಂಪೇ ಬೇಕಾಗುತ್ತದೆ. ಬಾವಿಯೊಳಗೆ ಮಾತ್ರ ಒಬ್ಬರೇ ಇಳಿಯಬೇಡಿ, ತಳದಲ್ಲಿ ಉಸಿರಾಡುವ ಗಾಳಿ ಇಲ್ಲದೆ ಇರಬಹುದು. ಪೈಪು ಮೇಲೆತ್ತಿಯೇ ಕೆಲಸ ಮಾಡಿಸಿ.