ಚಾಪರ್ ಫೋರ್ಕ್: ಮೂರು ಸಲ ಸೀಲ್ ಹಾಕಿಸಿದರೂ ಎಣ್ಣೆ ಸೋರೋದು ನಿಲ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ಅಣ್ಣಾ, ನಮಸ್ತೆ. ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350 ಬೈಕ್ ತಗೊಂಡೆ. ಹಿಂದಿನ ಓನರ್ ಅದನ್ನ ಚಾಪರ್ ಮಾಡಿಸಿದ್ದಾರೆ, ಅಂದ್ರೆ ಮುಂದಿನ ಚಕ್ರ ಹಿಡಿಯೋ ಫೋರ್ಕನ್ನ ಉದ್ದ ಚಾಚಿಸಿದ್ದಾರೆ. ಚಾಸಿಸ್ ಕತ್ತರಿಸಿಲ್ಲ, ಫೋರ್ಕ್ ಪೈಪಿಗೆ ಮಾತ್ರ ಮೇಲ್ಗಡೆ ಥ್ರೆಡ್ ಹಾಕಿದ ತುಂಡು ಸೇರಿಸಿ 8 ಇಂಚು ಉದ್ದ ಮಾಡಿದ್ದಾರೆ. ಮಳೆಗಾಲ ಪೂರ್ತಿ ಗಾಡಿ ಅಡಿಕೆ ಅಂಗಳದ ಪಕ್ಕದ ಶೆಡ್‌ನಲ್ಲೇ ನಿಂತಿತ್ತು. ಈಗ ಎಡಗಡೆ ಫೋರ್ಕ್‌ನಿಂದ ಎಣ್ಣೆ ಸೋರ್ತಾ ಇದೆ. ಎರಡು ತಿಂಗಳಲ್ಲಿ ಮೂರು ಸಲ ಸೀಲ್ ಹಾಕಿಸಿದೆ, ಹದಿನೈದು ದಿನಕ್ಕೆ ಮತ್ತೆ ಶುರು. ಬ್ರೇಕ್ ಹಿಡಿದರೆ ಮುಂದೆ ಟಕ್ ಅನ್ನುತ್ತೆ. 60 ದಾಟಿದರೆ ಹ್ಯಾಂಡಲ್ ಅಲ್ಲಾಡುತ್ತೆ. ಆಗುಂಬೆ ಘಾಟಿ ತಿರುವಲ್ಲಂತೂ ಹ್ಯಾಂಡಲ್ ತಾನಾಗೇ ಒಳಗೆ ಬೀಳುತ್ತೆ, ಎತ್ತಿ ಹಿಡಿಯಬೇಕು. ಯಾವ ಕಂಪನಿ ಸೀಲ್ ಹಾಕಿಸಲಿ ಹೇಳಿ.

ಉತ್ತರ (ಗ್ಯಾರೇಜ್, ಶಿವಮೊಗ್ಗ):
ಮಾರಾಯ್ರೇ, ಸೀಲ್ ವಿಚಾರ ಆಮೇಲೆ. ಮೊದಲು ಆ ಗಾಡಿ ಓಡಿಸೋದು ನಿಲ್ಲಿಸಿ. ಇವತ್ತಿಂದಲೇ.

ನಿಮ್ಮ ಗಾಡೀಲಿ ಸೋರ್ತಿರೋ ಎಣ್ಣೆಗಿಂತ ನನಗೆ ಭಯ ಆ ಜೋಡಣೆದು. ಬ್ರೇಕ್ ಹಿಡಿದಾಗ, ಗುಂಡಿಗೆ ಇಳಿದಾಗ ಫೋರ್ಕ್ ಪೈಪ್ ಬಾಗೋಕೆ ನೋಡುತ್ತಲ್ಲ, ಆ ಒತ್ತಡ ಎಲ್ಲಕ್ಕಿಂತ ಜಾಸ್ತಿ ಬೀಳೋದು ಕೆಳಗಿನ ಟಿ (ಎರಡೂ ಪೈಪನ್ನ ಚಾಸಿಸ್ಸಿಗೆ ಕೂಡಿಸೋ ಅಡ್ಡಪಟ್ಟಿ, ಮೇಲೊಂದು ಕೆಳಗೊಂದು ಇರುತ್ತೆ) ಪೈಪನ್ನ ಹಿಡಿದಿರೋ ಜಾಗದಲ್ಲಿ. ಎರಡು ಇಂಚಿನ ತುಂಡಾದರೆ ಜೋಡಣೆ ಎರಡು ಟಿಗಳ ಮಧ್ಯೆ, ಮೇಲ್ಗಡೆಗೆ ಉಳಿಯುತ್ತೆ. 8 ಇಂಚು ಅಂದ್ರೆ ಅದು ಸರಿಯಾಗಿ ಕೆಳಗಿನ ಟಿ ಹತ್ತಿರವೇ ಬಂದು ಕೂತಿರುತ್ತೆ. ಪೈಪ್ ಉದ್ದ ಆದಷ್ಟೂ ಸನ್ನೆಗೋಲಿನ ಥರ ಒತ್ತಡವೂ ಏರುತ್ತೆ. ಅಂಥ ಜಾಗದಲ್ಲಿ ಥ್ರೆಡ್ ಕಡಿದು ಪೈಪ್ ತೆಳ್ಳಗೆ ಮಾಡಿದ್ದಾರೆ.

ಇಂಥದ್ದೇ ಒಂದು ಗಾಡಿ ನನ್ನ ಗ್ಯಾರೇಜಿಗೆ ಬಂದಿತ್ತು, ಅವರೂ ಸೀಲ್ ಹಾಕಿ ಅಂತಲೇ ಬಂದವರು. ಬಿಚ್ಚಿ ಸೀಮೆಎಣ್ಣೇಲಿ ತೊಳೆದು ಟಾರ್ಚ್ ಬಿಟ್ಟು ನೋಡಿದೆ. ಥ್ರೆಡ್ಡಿನ ಬುಡದಲ್ಲಿ ಕೂದಲಿನಷ್ಟು ಸಣ್ಣ ಗೆರೆ, ಪೈಪಿನ ಕಾಲು ಸುತ್ತು ಹೋಗಿತ್ತು. ಅದರೊಳಗೆ ಕಂದು ತುಕ್ಕು ಕೂತಿತ್ತು. ತುಕ್ಕು ಕೂತಿದೆ ಅಂದ್ರೆ ಬಿರುಕು ನಿನ್ನೆ ಮೊನ್ನೆದಲ್ಲ. ಅಷ್ಟು ದಿನ ಆ ಮನುಷ್ಯ ಹೆಂಡತಿ, ಮಗುನ ಕೂರಿಸಿಕೊಂಡು ಓಡಾಡಿದ್ದ. ಅವತ್ತಿಂದ ಥ್ರೆಡ್ ಜೋಡಿಸಿದ ಫೋರ್ಕ್ ಬಂದರೆ ನಾನು ಸೀಲ್ ಹಾಕಿ ಕಳಿಸೋದಿಲ್ಲ.

ಈಗ ಸೀಲ್ ಯಾಕೆ ನಿಲ್ತಿಲ್ಲ ಅನ್ನೋದಕ್ಕೆ ಬರೋಣ. ನಮ್ಮ ಕಡೆ ಮಳೆಗಾಲದಲ್ಲಿ ನಾಲ್ಕು ತಿಂಗಳು ಗಾಡಿ ನಿಂತರೆ ಪೈಪಿನ ಕ್ರೋಮ್ ಮೇಲೆ ಸಣ್ಣ ಸಣ್ಣ ತುಕ್ಕಿನ ಕುಳಿ ಏಳುತ್ತೆ. ಕಣ್ಣಿಗೆ ಕಾಣದೇ ಇರಬಹುದು. ಪೈಪ್ ಒರೆಸಿ ಉಗುರನ್ನ ಮೇಲಿಂದ ಕೆಳಗೆ ಎಳೀರಿ, ಎಲ್ಲಿ ಉಗುರು ತಡೆಯುತ್ತೋ ಅಲ್ಲಿ ಸೀಲಿನ ತುಟಿನೂ ಕೊಯ್ಯುತ್ತೆ. ಯಾವ ಕಂಪನಿ ಸೀಲ್ ಹಾಕಿದರೂ ಹದಿನೈದು ದಿನವೇ. ಸೀಲ್ ಓಡಾಡದ ಜಾಗದಲ್ಲಿ ಒಂದೆರಡು ಕುಳಿ ಇದ್ದರೆ ಅರಾಲ್ಡೈಟ್ ತುಂಬಿ, 2000 ನಂಬರ್ ನೀರು ಕಾಗದದಲ್ಲಿ ನಯ ಮಾಡಿ ಬಿಡಬಹುದು. ಸೀಲ್ ಓಡಾಡೋ ಜಾಗದಲ್ಲಿದ್ದರೆ ಪೈಪ್ ಬದಲಾಯಿಸಲೇಬೇಕು.

ಇನ್ನೊಂದು ಕಾರಣ ಪೈಪ್ ಬೆಂಡ್. ಫೋರ್ಕಿನ ಒಂದು ಕಾಲು ಸ್ವಲ್ಪ ಬಾಗಿದ್ದರೂ ಎರಡೂ ಸಮವಾಗಿ ಇಳಿಯಲ್ಲ, ಬುಶ್ ಒಂದೇ ಬದಿಗೆ ಸವೆಯುತ್ತೆ. ಆ ಟಕ್ ಸದ್ದು ಅದರಿಂದ ಇರಬಹುದು, ಇಲ್ಲಾ ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಜಾಗದ ಬೇರಿಂಗ್) ಲೂಸ್ ಇರಬಹುದು. ಮುಂದಿನ ಚಕ್ರ ನೆಲ ಬಿಡೋ ಹಾಗೆ ಗಾಡಿ ಎತ್ತಿ ನಿಲ್ಲಿಸಿ, ಫೋರ್ಕ್ ಬಾಟಮ್ ಎರಡೂ ಹಿಡಿದು ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿ ನೋಡಿ. ಹ್ಯಾಂಡಲ್ ನಿಧಾನ ತಿರುಗಿಸಿ, ನೇರಕ್ಕೆ ಬಂದಾಗ ಕಚಕ್ ಅಂತ ಕೂತರೆ ಕೋನ್ ಸೆಟ್ ಮುಗಿದಿದೆ.

ಘಾಟಿಯಲ್ಲಿ ಹ್ಯಾಂಡಲ್ ಬೀಳೋದಕ್ಕೆ ಕಾರಣ ಬೇರೆ. ಚಾಸಿಸ್ ಮುಟ್ಟದೆ ಫೋರ್ಕ್ ಒಂದು ಇಂಚು ಉದ್ದ ಮಾಡಿದರೆ ಮುಂಭಾಗ ಎದ್ದು ಫೋರ್ಕಿನ ಓರೆ ಹೆಚ್ಚುಕಮ್ಮಿ ಒಂದು ಡಿಗ್ರಿ ಏರುತ್ತೆ. ಲೆಕ್ಕಕ್ಕೆ ಚಕ್ರದ ಮಧ್ಯದಿಂದ ನೆಲಕ್ಕೆ 320 ಮಿಮೀ, ಟಿಯ ಆಫ್‌ಸೆಟ್ (ಹ್ಯಾಂಡಲ್ ತಿರುಗೋ ಅಕ್ಷದಿಂದ ಪೈಪ್ ಮುಂದಕ್ಕಿರೋ ದೂರ) 60 ಮಿಮೀ ಅಂತ ಇಟ್ಟುಕೊಳ್ಳಿ. ಓರೆ 27 ಡಿಗ್ರಿ ಇದ್ದಾಗ ಟ್ರೇಲ್ (ಹ್ಯಾಂಡಲ್ ತಿರುಗೋ ಅಕ್ಷದ ಗೆರೆ ನೆಲ ಮುಟ್ಟೋ ಜಾಗಕ್ಕೂ ಟೈರ್ ನೆಲ ಮುಟ್ಟೋ ಜಾಗಕ್ಕೂ ಇರೋ ಅಂತರ) ಸುಮಾರು 96 ಮಿಮೀ. ನಿಮ್ಮ 8 ಇಂಚಿಗೆ ಅದೇ ಓರೆ 35 ಆದರೆ ಟ್ರೇಲ್ 151ಕ್ಕೆ ಹೋಗುತ್ತೆ. ಅಷ್ಟು ಟ್ರೇಲ್ ಇದ್ದರೆ ನೇರ ರಸ್ತೇಲಿ ಗಾಡಿ ಗಟ್ಟಿಯಾಗಿ ಹೋಗಬೇಕು, ನಿಧಾನದ ತಿರುವಲ್ಲಿ ಮಾತ್ರ ಚಕ್ರ ಒಳಕ್ಕೆ ಬೀಳುತ್ತೆ. ಚಾಪರ್ ಜನ ಮೆಚ್ಚಿದ್ದು ಕ್ಯಾಲಿಫೋರ್ನಿಯಾದ ನೇರ ರಸ್ತೆಗಳಲ್ಲಿ. ಆಗುಂಬೆಯ 14 ಹೇರ್‌ಪಿನ್ ತಿರುವಿಗೆ ಅದು ಹೇಳಿ ಮಾಡಿಸಿದ್ದಲ್ಲ. ನೇರ ರಸ್ತೇಲೂ 60ಕ್ಕೇ ಅಲ್ಲಾಡ್ತಿದೆ ಅಂದ್ರೆ ಎಲ್ಲೋ ಲೂಸ್ ಇದೆ, ಇಲ್ಲಾ ಏನೋ ಬಾಗಿದೆ ಅಂತಲೇ ಅರ್ಥ.

ಪ್ರಶ್ನೆ (ಸಾಗರದಿಂದ):
ಸರ್, ನನ್ನದೂ ಚಾಪರ್. ಒಂದೇ ಪೀಸ್ ಉದ್ದ ಪೈಪ್ ಮಾಡಿಸಿ ಹಾಕಿದರೆ ಸರಿ ಅಲ್ವಾ? ಶೇಪ್ ಬಿಡೋಕೆ ಮನಸ್ಸಿಲ್ಲ.

ಉತ್ತರ:
ಪೈಪ್ ಮಟ್ಟಿಗೆ ಹೇಳಬೇಕಂದ್ರೆ ಒಂದೇ ಪೀಸ್, ಜಾಯಿಂಟ್ ಇಲ್ಲದ ಸ್ಟೀಲ್ ಪೈಪ್, ಹಾರ್ಡ್ ಕ್ರೋಮ್ ಮಾಡಿ ಗ್ರೈಂಡ್ ಮಾಡಿದ್ದು, ಅದೊಂದೇ ಸರಿಯಾದ ದಾರಿ. ಬರೀ ಲೇತ್‌ನಲ್ಲಿ ಮುಗಿಯೋ ಕೆಲಸ ಅಲ್ಲ. ಟ್ರೇಲ್ ಇಳಿಸೋಕೆ ಓರೆ ಟಿ (ಪೈಪನ್ನ ಇನ್ನಷ್ಟು ಓರೆಯಾಗಿ ಹಿಡಿಯೋ ಟಿ) ಹಾಕ್ತಾರೆ, ಆದರೆ ಲೆಕ್ಕ ತಪ್ಪಿ ಟ್ರೇಲ್ ತೀರಾ ಕಮ್ಮಿ ಆದರೆ ವೇಗದಲ್ಲಿ ಹ್ಯಾಂಡಲ್ ಕೈಗೆ ಸಿಗಲ್ಲ.

ಆದರೆ ರಸ್ತೇಲಿ ಓಡಿಸ್ತೀರಿ ಅಂದ್ರೆ ಕಾನೂನೂ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅಪಘಾತ ಆದರೆ ವಿಮೆಯವರೂ ಮೊದಲು ಇದನ್ನೇ ಹಿಡೀತಾರೆ. ಶೇಪ್ ಮೇಲಿನ ಪ್ರೀತಿ ನನಗೂ ಗೊತ್ತು, ಹುಡುಗ ಆಗಿದ್ದಾಗ ನಾನೂ ಮಾಡಿದವನೇ. ಸೀಟ್, ಬಣ್ಣದಲ್ಲಿ ನಿಮ್ಮ ಆಸೆ ತೀರಿಸಿಕೊಳ್ಳಿ, ಫೋರ್ಕ್ ಮಾತ್ರ ಕಂಪನಿದೇ ಇರಲಿ.

ಪ್ರಶ್ನೆ (ತೀರ್ಥಹಳ್ಳಿಯವರೇ ಮತ್ತೆ):
ಅಣ್ಣಾ, ಬಿಚ್ಚಿ ನೋಡಿದೆ. ನೀವು ಹೇಳಿದ ಹಾಗೆ ಉಗುರು ಮೂರು ಕಡೆ ತಡೀತು. ಎಡಗಡೆ ಜೋಡಣೆ ಹತ್ತಿರ ಒಂದು ಗೆರೆನೂ ಇದೆ, ಬಿರುಕೋ ಗೀರೋ ಗೊತ್ತಾಗ್ತಿಲ್ಲ. ಕಂಪನಿ ಪೈಪಿಗೆ ಆರ್ಡರ್ ಕೊಟ್ಟಿದ್ದೇನೆ. ನಾನೇ ಜೋಡಿಸಬಹುದಾ?

ಉತ್ತರ:
ಒಳ್ಳೆ ಕೆಲಸ ಮಾಡಿದ್ರಿ. ಬಿರುಕೋ ಗೀರೋ ಅಂತ ತಲೆ ಕೆಡಿಸ್ಕೋಬೇಡಿ, ಆ ಪೈಪ್ ಹೇಗೂ ವಾಪಸ್ ಹಾಕೋದಿಲ್ಲ. ತಾಳ್ಮೆ ಇದ್ದರೆ ನೀವೇ ಜೋಡಿಸಬಹುದು, ಥಂಡರ್‌ಬರ್ಡ್‌ನದು 41 ಮಿಮೀ ಪೈಪ್, ಅದಕ್ಕೆ ಸರಿಯಾದ ಸೀಲೇ ತಗೊಳ್ಳಿ.

ಹೊಸ ಪೈಪನ್ನೂ ಪರೀಕ್ಷೆ ಮಾಡದೆ ಹಾಕಬೇಡಿ. ಗಾಜಿನ ಅಂಗಡೀಲಿ ದಪ್ಪ ಗಾಜಿನ ಮೇಲೆ ಉರುಳಿಸಿ, ಹಿಂದೆ ಟಾರ್ಚ್ ಇಡಿ. ಉರುಳುವಾಗ ಬೆಳಕಿನ ಗೆರೆ ದಪ್ಪ ಸಣ್ಣ ಆಗ್ತಾ ಇದ್ದರೆ ಪೈಪ್ ಬಾಗಿದೆ. ಲೇತ್‌ನವರ ಹತ್ರ ಬಾಗು ಅಳೆಯೋ ವಿ ಬ್ಲಾಕ್, ಡಯಲ್ ಗೇಜ್ ಇದ್ದರೆ ಇನ್ನೂ ಒಳ್ಳೇದು. ಆದರೆ ಡಯಲ್ ಮುಳ್ಳು ಎಷ್ಟು ಓಡಾಡುತ್ತೋ ಅದರ ಅರ್ಧ ನಿಜವಾದ ಬಾಗು.

ಸೀಲ್ ಇಳಿಸೋ ಮೊದಲು ಪೈಪಿನ ತುದಿಗೆ ತೆಳ್ಳಗಿನ ಪ್ಲಾಸ್ಟಿಕ್ ಕವರ್ ಸುತ್ತಿ, ಫೋರ್ಕ್ ಎಣ್ಣೆ ಸವರಿ. ತುದಿಯ ಚೂಪು ಅಂಚಿಗೆ ತಾಗಿಯೇ ಎಷ್ಟೋ ಹೊಸ ಸೀಲ್ ಹಾಳಾಗೋದು. ಕೆಳಗಿನ ಅಲೆನ್ ಬೋಲ್ಟಿನ ತಾಮ್ರದ ವಾಷರ್ ಹೊಸದೇ ಹಾಕಿ. ಉದ್ದ ಪೈಪಿಗೆ ಅಂತ ಸ್ಪ್ರಿಂಗ್ ಮೇಲೆ ಏನಾದರೂ ತುಂಡು ಇಟ್ಟಿದ್ದರೆ ಅದನ್ನ ತೆಗೆದುಬಿಡಿ. ಎಣ್ಣೆ ಹಾಕಿದ ಮೇಲೆ ಪೈಪ್ ಮೇಲೆ ಕೆಳಗೆ ಮಾಡಿ ಗಾಳಿ ಬಿಡಿಸಿ. ಸ್ಪ್ರಿಂಗ್ ಇಲ್ಲದೆ ಪೂರ್ತಿ ಒತ್ತಿ ಹಿಡಿದು, ಪೈಪಿನ ಬಾಯಿಂದ ಎಣ್ಣೆವರೆಗೆ ಅಳತೆ ಪಟ್ಟಿ ಇಳಿಸಿ ನೋಡಿ, ಎರಡೂ ಕಾಲಿಗೆ ಒಂದೇ ಅಳತೆ ಬರಬೇಕು.

ಟಿ ಬೋಲ್ಟ್‌ಗಳನ್ನ ಕೊನೆಗೆ ಬಿಗಿ ಮಾಡಿ. ಮೊದಲು ಆಕ್ಸೆಲ್ ಹಾಕಿ, ಗಾಡಿನ ನೆಲಕ್ಕಿಳಿಸಿ, ಮುಂದಿನ ಬ್ರೇಕ್ ಹಿಡಿದು ನಾಲ್ಕೈದು ಸಲ ಒತ್ತಿ. ಎರಡೂ ಕಾಲು ತಮ್ಮ ಜಾಗಕ್ಕೆ ಕೂತ ಮೇಲೆ ಕೆಳಗಿಂದ ಮೇಲಕ್ಕೆ ಬಿಗಿ ಮಾಡುತ್ತಾ ಬನ್ನಿ. ಬ್ರೇಕ್ ಪ್ಯಾಡಿಗೆ ಎಣ್ಣೆ ಇಳಿದಿದ್ದರೆ ತೊಳೆದು ಹಾಕಬೇಡಿ, ಹೊಸದು ಹಾಕಿ, ಡಿಸ್ಕ್ ಮಾತ್ರ ಚೆನ್ನಾಗಿ ಒರೆಸಿ. ಉದ್ದ ಮಾಡಿದ ಬ್ರೇಕ್ ಹೋಸ್ ಈಗ ಜೋತು ಬಿದ್ದು ಟೈರಿಗೆ ಉಜ್ಜಬಹುದು, ಸೈಡ್ ಸ್ಟ್ಯಾಂಡೂ ಉದ್ದ ಮಾಡಿಸಿರಬಹುದು, ಅವೆರಡನ್ನೂ ನೋಡಿ.

ಇನ್ನೊಂದು ಮಾತು. ಆ ಹಳೇ ಪೈಪ್ ಗುಜರಿಗೆ ಹಾಕೋ ಮೊದಲು ಗ್ಯಾಸ್ ಕಟ್ಟರ್‌ನಲ್ಲಿ ಎರಡು ತುಂಡು ಮಾಡಿಸಿ ಕೊಡಿ. ಇಡಿಯಾಗಿ ಕೊಟ್ಟರೆ ಬಣ್ಣ ಹೊಡೆದು ಇನ್ಯಾರದೋ ಗಾಡಿಗೆ ಹಾಕ್ತಾರೆ.