ಎದುರಾಳಿಗಳು ಬರ್ತಾರೆ ಅಂತ ನಮಗೆ ಪೊಲೀಸ್ ಬಿಲ್ಲು: ಕಟ್ಟಬೇಕಾ?

ಕೇಳಿದವರು: ಅಮೆರಿಕದ ಸಣ್ಣ ಊರು. ವಲಸಿಗರ ಪರವಾಗಿ ಕೋರ್ಟ್ ಮೆಟ್ಟಿಲ ಮೇಲೆ ನಲವತ್ತು ಜನ ಸೇರೋಣ ಅಂತಿದ್ದೀವಿ. ಅನುಮತಿಯ ಅರ್ಜಿ ಶುಲ್ಕ 50 ಡಾಲರ್ ಕಟ್ಟಾಯ್ತು. ಈಗ ನಗರ ಕಚೇರಿಯವರು ಫೋನ್ ಮಾಡಿ, "ವಿರೋಧಿಗಳೂ ಬರ್ತಾರಂತೆ, ಜಾಸ್ತಿ ಪೊಲೀಸರು ಬೇಕು, ಇನ್ನೂ 1,800 ಕೊಡಿ" ಅಂತಾರೆ. ಯಾರಿಗಾದರೂ ಹೀಗಾಗಿದೆಯಾ?

ಉತ್ತರ 1: ಆಗಿದೆ ಮೇಡಂ. ಸದ್ಯಕ್ಕೆ ಕಟ್ಟಬೇಡಿ. ನಮ್ಮೂರಲ್ಲೂ ಇದೇ ಮಾತು ಬಂತು. ದರಪಟ್ಟಿ ತೋರಿಸಿ ಅಂದೆ. ಕೌಂಟರಿನಾಕೆ ಡ್ರಾಯರ್ ಎಳೆದರು, ಮುಚ್ಚಿದರು, ಒಳಗೆ ಹೋಗಿ ಬಂದು ಹಳದಿ ಚೀಟಿಯ ಮೇಲೆ ಮೊತ್ತ ಗೀಚಿ ಕೊಟ್ಟರು. ಆ ಚೀಟಿಯೇ ನಮ್ಮ ಕೈ ಹಿಡಿದದ್ದು. ಅದರ ಫೋಟೋ ಸೇರಿಸಿ, ಅಮೆರಿಕದ ಸುಪ್ರೀಂ ಕೋರ್ಟಿನ 1992ರ ಫಾರ್ಸೈತ್ ಕೌಂಟಿ ತೀರ್ಪಿನ ಹೆಸರು ಹಾಕಿ ಒಂದು ಪುಟದ ಪತ್ರ ಬರೆದೆವು. ಹೆಚ್ಚುವರಿ ಮೊತ್ತ ಕೈಬಿಟ್ಟರು.

ಆ ಕೇಸಿನ ಕಥೆ ಸ್ವಲ್ಪ ವಿಚಿತ್ರ. 1987ರ ಜನವರಿಯಲ್ಲಿ ಜಾರ್ಜಿಯಾ ರಾಜ್ಯದ ಆ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ನಾಗರಿಕ ಹಕ್ಕುಗಳ ಮೆರವಣಿಗೆ ಹೊರಟವರ ಮೇಲೆ ಕಲ್ಲು ಬಿತ್ತು. ಮುಂದಿನ ವಾರ ಸುಮಾರು 20,000 ಜನ ಬಂದರು, ಬಂದೋಬಸ್ತಿನ ಖರ್ಚು 6,70,000 ಡಾಲರ್ ದಾಟಿತು. ಆಮೇಲೆ ಕೌಂಟಿ, ದಿನಕ್ಕೆ 1,000 ಡಾಲರ್ ತನಕ ಶುಲ್ಕ ಹಾಕುವ ನಿಯಮ ತಂದಿತು. ಅದನ್ನು ಪ್ರಶ್ನಿಸಿದ್ದು ಮಾತ್ರ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಸರ್ಕಾರಿ ರಜೆಯನ್ನೇ ವಿರೋಧಿಸುವ ಬಿಳಿಯರ ಗುಂಪು! ಅವರಿಗೆ ಬಿದ್ದಿದ್ದೂ ಬರೀ 100 ಡಾಲರ್, ಅದೂ ಅಧಿಕಾರಿ ಅರ್ಜಿ ನೋಡಿದ ಹೊತ್ತಿನ ಕೂಲಿ ಅಂತ. ಸುಪ್ರೀಂ ಕೋರ್ಟ್ 5–4ರಲ್ಲಿ ನಿಯಮವನ್ನೇ ಹೊಡೆದುಹಾಕಿತು. ಎಷ್ಟು ಹಾಕಬೇಕು ಅನ್ನೋದನ್ನ ಅಧಿಕಾರಿಯ ಮರ್ಜಿಗೆ ಬಿಟ್ಟಿದ್ದು ಒಂದು ತಪ್ಪು. ಕೇಳುವವರು ಎಷ್ಟು ರೊಚ್ಚಿಗೇಳ್ತಾರೆ ಅನ್ನೋದರ ಮೇಲೆ ಮಾತಾಡುವವರ ಬಿಲ್ಲು ಏರೋದು ಇನ್ನೊಂದು. ಮೊತ್ತ ಚಿಕ್ಕದು ಅನ್ನೋ ವಾದವನ್ನೂ ಒಪ್ಪಲಿಲ್ಲ. ಆ ಗುಂಪಿನ ಮಾತು ನನಗೆ ಅಸಹ್ಯ. ಆದರೆ ಅವರು ಗೆದ್ದಿದ್ದು ಇವತ್ತು ನಿಮ್ಮ ಉಪಯೋಗಕ್ಕೆ ಬರ್ತಿದೆ.

ಉತ್ತರ 2: ಹಾಗಂತ ಶುಲ್ಕವೇ ತಪ್ಪು ಅಂತ ಜಗಳಕ್ಕೆ ಹೋಗಬೇಡಿ ಮೇಡಂ, ನಾನು ಹೋಗಿ ಮುಖಭಂಗ ಮಾಡಿಕೊಂಡೆ. 1941ರ ಕಾಕ್ಸ್ ಕೇಸಿನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಮೆರವಣಿಗೆ ಶುಲ್ಕವನ್ನು, 300 ಡಾಲರ್ ತನಕ, ಇದೇ ಕೋರ್ಟ್ ಎತ್ತಿಹಿಡಿದಿದೆ. ನಿಮ್ಮ 50 ಡಾಲರ್ ಎಲ್ಲರಿಗೂ ಒಂದೇ ಆಗಿದ್ದರೆ ಅದರ ತಂಟೆಗೆ ಹೋಗಬೇಡಿ.

ಉತ್ತರ 3: ಬೆಂಗಳೂರಲ್ಲಿ ನಮ್ಮ ತಲೆನೋವು ದುಡ್ಡಲ್ಲ, ಜಾಗ. 2021ರ ಆದೇಶದ ಪ್ರಕಾರ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್, ಅಂದರೆ ಹಳೇ ಸೆಂಟ್ರಲ್ ಜೈಲು!

ಕೇಳಿದವರು: ಥ್ಯಾಂಕ್ಸ್. ಫೋನಲ್ಲಿ ಹೇಳಿದ್ದನ್ನೇ ಇಮೇಲಲ್ಲಿ ಕಳಿಸಿ ಅಂದೆ. ಇನ್ನೂ ಬಂದಿಲ್ಲ.

ಉತ್ತರ 1: ಫೋನ್ ಬಂದ ದಿನ, ಹೊತ್ತು, ಆಡಿದ ಮಾತು ನೀವೇ ಬರೆದು ಕಳಿಸಿಬಿಡಿ. ನಗರ ಆಡಳಿತದ ವಕೀಲರಿಗೂ ಒಂದು ಪ್ರತಿ ಹೋಗಲಿ. ಕೌಂಟರಿನಲ್ಲಿ ಕೂತವರಿಗೆ ಈ ಕೇಸ್ ಗೊತ್ತಿರಲಿಕ್ಕಿಲ್ಲ, ವಕೀಲರಿಗೆ ಗೊತ್ತಿರುತ್ತೆ.